ಬೋರ್ಡಿಂಗಿನಲ್ಲಿ ರೂಮು ಸಿಗುತ್ತದೆಯೇ?

ಕುಂದಾಪುರದಿಂದ ಕೆಲಸಕ್ಕೆಂದು ಮುಂಬಯಿಗೆ ಬಂದ ಅಕ್ಕನ ಮಗನನ್ನು ಕಳೆದ ಮಳೆಗಾಲದಲ್ಲಿ ಮಾಟುಂಗಕ್ಕೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಸ್ಟೇಷನ್ನಿನ ಹತ್ತಿರ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಹೆಸರು ಓದಿದವನೇ ಹುಡುಗ ಕೇಳಿದ: "ಮಾವ, ಇಲ್ ರೂಮೂ ಸಿಕ್ಕತ್ತಾ?"

"ಇಲ್ಲ ಮಾರಾಯ, ಬರೀ ಊಟ."

"ಮತ್ತೆಂತಕೆ ಬೋರ್ಡಿಂಗ್ ಅಂದ್ ಬರ್ದದ್ದ್?"

ಪ್ರಶ್ನೆ ನ್ಯಾಯವಾದದ್ದೇ. ಎಲೆಯ ಮುಂದೆ ಕೂತು ಅರ್ಧ ಉತ್ತರ ಹೇಳಿದೆ, ಉಳಿದದ್ದು ಇಲ್ಲಿದೆ.

ಹಳೆಯ ಇಂಗ್ಲಿಷಿನಲ್ಲಿ ಬೋರ್ಡ್ ಎಂದರೆ ಮರದ ಹಲಗೆ. ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಊಟದ ಹೊತ್ತಿಗೆ ಹಜಾರದಲ್ಲಿ ಆಸರೆಗಾಲುಗಳನ್ನಿಟ್ಟು ಅವುಗಳ ಮೇಲೆ ಉದ್ದನೆಯ ಹಲಗೆ ಹಾಕುತ್ತಿದ್ದರು. ಉಂಡೆದ್ದ ಮೇಲೆ ಬಿಚ್ಚಿ ತೆಗೆದಿಡುತ್ತಿದ್ದರು. ನಮ್ಮ ಮದುವೆಮನೆಯ ಊಟದ ಮೇಜುಗಳ ಹಾಗೆಯೇ. ಹೀಗೆ ಹಲಗೆಯ ಹೆಸರು ಮೇಜಿಗೆ ಬಂತು, ಮೇಜಿನಿಂದ ಅದರ ಮೇಲೆ ಬಡಿಸಿದ ಊಟಕ್ಕೆ ಬಂತು. ದುಡ್ಡು ಕೊಟ್ಟು ದಿನವೂ ಒಂದೇ ಕಡೆ ಉಣ್ಣುವವನು ಬೋರ್ಡರ್, ಆ ಏರ್ಪಾಡು ಬೋರ್ಡಿಂಗ್. ಮಲಗಲು ಜಾಗ ಬೇಕಾದರೆ ಅದು ಲಾಡ್ಜಿಂಗ್. ಎರಡನ್ನೂ ಕೊಡುವ ಹೋಟೆಲಿನವರು 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಎಂದು ಎರಡೂ ಮಾತು ಬರೆಸುತ್ತಿದ್ದದ್ದು ಚಂದಕ್ಕಲ್ಲ.

ಇಂಗ್ಲಿಷಿನಲ್ಲಿ ಸಂಸಾರವೆಂದರೂ ಹಾಸಿಗೆ ಮತ್ತು ಬೋರ್ಡು. ಮದುವೆ ಮುರಿಯದೆ ಗಂಡಹೆಂಡಿರನ್ನು ಬೇರೆ ಇರಿಸುವ ತೀರ್ಪನ್ನು ಅಲ್ಲಿನ ಚರ್ಚಿನ ನ್ಯಾಯಾಲಯಗಳು 'ಹಾಸಿಗೆ ಮತ್ತು ಬೋರ್ಡಿನಿಂದ ಬಿಡುಗಡೆ' ಎನ್ನುತ್ತಿದ್ದವು. ನಮ್ಮ 1869ರ ವಿಚ್ಛೇದನ ಕಾಯಿದೆ, ಇನ್ನು ಮುಂದೆ ಅಂಥ ತೀರ್ಪು ಕೊಡಬಾರದೆಂದು ಹೇಳುವುದಕ್ಕಾಗಿಯೇ ಆ ಮಾತಿನ ಲ್ಯಾಟಿನ್ ರೂಪವನ್ನು ಎತ್ತಿಕೊಳ್ಳುತ್ತದೆ.

ನಮ್ಮಲ್ಲೂ ಒಂದು ಹಲಗೆ ಇಷ್ಟೇ ತಿರುಗಾಡಿದೆ: ಮಣೆ. ಕೂತು ಉಣ್ಣುವ ಮಣೆ, ಈಳಿಗೆಮಣೆ, ಲಟ್ಟಿಸುವ ಮಣೆ, ಆಟಿ ತಿಂಗಳ ಮಳೆಯಲ್ಲಿ ಹೊತ್ತು ಕಳೆಯುವ ಚೆನ್ನೆಮಣೆ. ಹಸೆಮಣೆ ಏರಿದರೆ ಮದುವೆ, ಯಾರಿಗಾದರೂ ಮಣೆ ಹಾಕಿದರೆ ಮನ್ನಣೆ. ಆದರೆ ಮಣೆ ಮನೆಯೊಳಗೇ ಉಳಿಯಿತು. ಇಂಗ್ಲಿಷರ ಹಲಗೆ ಹಾಗಲ್ಲ, ಅದು ಆಳತೊಡಗಿತು.

ಹದಿನಾರನೆಯ ಶತಮಾನದ ಹೊತ್ತಿಗೆ, ಮೇಜಿನ ಸುತ್ತ ಕೂತು ತೀರ್ಮಾನಿಸುವವರನ್ನೇ ಬೋರ್ಡ್ ಎನ್ನುವ ರೂಢಿಯಾಗಿತ್ತು. 1784ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಲಂಡನ್ನಿನಲ್ಲಿ ಬೋರ್ಡ್ ಆಫ್ ಕಂಟ್ರೋಲ್ ಕೂತಿತು. ಮದ್ರಾಸಿನಲ್ಲಿ ರೆವಿನ್ಯೂ ಬೋರ್ಡು. 1831ರಲ್ಲಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡಾಗ ಮೊದಲು ಅದನ್ನು ಕೊಟ್ಟದ್ದೂ ಇಬ್ಬರು ಕಮಿಷನರುಗಳ ಬೋರ್ಡಿಗೆ. ಇಬ್ಬರಿಂದ ಕೆಲಸ ಸಾಗದೆ 1834ರಲ್ಲಿ ಒಬ್ಬನೇ ಕಮಿಷನರ್ ಸಾಕೆಂದಾಯಿತು. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದ ಕಾಲದ ಜಿಲ್ಲಾ ಬೋರ್ಡಿನ ಶಾಲೆಗಳೇ ನಮ್ಮೂರ ಕಡೆಯ ಬೋರ್ಡ್ ಹೈಸ್ಕೂಲುಗಳು. ಚಿಕ್ಕಂದಿನಲ್ಲಿ ನಾನು ಅದು ಕರಿಹಲಗೆಯ ಬೋರ್ಡೆಂದೇ ತಿಳಿದಿದ್ದೆ. ಬೇರೆ ಶಾಲೆಗಳಲ್ಲಿ ಕರಿಹಲಗೆ ಇರಲಿಲ್ಲವೇ ಎಂದು ಮಾತ್ರ ಯೋಚಿಸಿರಲಿಲ್ಲ!

ಹುಡುಗನ ಜೇಬಿನಲ್ಲಿದ್ದ ವಿಮಾನದ ಬೋರ್ಡಿಂಗ್ ಪಾಸಿನ ವಂಶ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಇದೇ ಉಚ್ಚಾರದ ಇನ್ನೊಂದು ಪದವಿತ್ತು. ಅದಕ್ಕೆ ಅಂಚು, ಹಡಗಿನ ಪಕ್ಕ ಎಂಬ ಅರ್ಥ. ಎರಡೂ ಬಹಳ ಹಿಂದೆಯೇ ಕಲೆತುಹೋದವು. ಹಡಗಿನ ಬಲಮಗ್ಗುಲು ಸ್ಟಾರ್‌ಬೋರ್ಡ್, ಏಕೆಂದರೆ ಚುಕ್ಕಾಣಿಯ ಹುಟ್ಟು ಆ ಕಡೆ ಇರುತ್ತಿತ್ತು. ಎಡಮಗ್ಗುಲು ಲಾರ್‌ಬೋರ್ಡ್. ಗಾಳಿಯ ಅಬ್ಬರದಲ್ಲಿ ಎರಡೂ ಒಂದೇ ಥರ ಕೇಳಿಸಿ ಗೊಂದಲವಾಗುತ್ತಿದ್ದುದರಿಂದ ಬ್ರಿಟಿಷ್ ನೌಕಾಪಡೆ 1844ರಲ್ಲಿ ಲಾರ್‌ಬೋರ್ಡನ್ನು ಬಿಟ್ಟು ಪೋರ್ಟ್ ಎನ್ನಬೇಕೆಂದು ಆಜ್ಞೆ ಮಾಡಿತು. ಹಡಗು ಹತ್ತುವುದು, ರೈಲು ಹತ್ತುವುದು, ವಿಮಾನ ಹತ್ತುವುದು ಎಲ್ಲವೂ ಈ ಎರಡನೆಯ ಬೋರ್ಡಿನ ಸಂತಾನ.

ನನ್ನ ಅಪ್ಪ ಐವತ್ತರ ದಶಕದಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಮಂಗಳೂರಿನಿಂದ ಸ್ಟೀಮರ್ ಹತ್ತಿ ಬಂದವರು. ಕೋಟೆಯ ಕಡೆಯ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆಯುವ ಕೆಲಸ. ಸಂಜೆ ಕನ್ನಡ ರಾತ್ರಿಶಾಲೆ. ಎಸ್ಸೆಸ್ಸಿ ಬೋರ್ಡಿನ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲ ಪಾಸಾದರು. ಸಂಬಳ ಅಷ್ಟಕ್ಕಷ್ಟೇ, ಊಟ ಮಾತ್ರ ಧಣಿಯದ್ದು. ಖೋಲಿ ಎಂಬುದು ಇರಲಿಲ್ಲ. ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಮೇಜುಗಳನ್ನು ಒರೆಸಿ, ಎರಡೆರಡು ಜೋಡಿಸಿ, ಅದರ ಮೇಲೆಯೇ ಚಾದರ ಹಾಸಿಕೊಳ್ಳುತ್ತಿದ್ದರಂತೆ. ಮೊದಲ ಹಾಲಿನವನು ಬರುವ ಮುಂಚೆ ಎದ್ದು ಮತ್ತೆ ಒರೆಸಬೇಕು. ಆರು ವರ್ಷ ಹಾಗೆ ಕಳೆದರು. ಊಟದ ಹಲಗೆಯೇ ಹಾಸಿಗೆಯಾದ ಮೇಲೆ ಬೋರ್ಡಿಂಗ್ ಯಾವುದು, ಲಾಡ್ಜಿಂಗ್ ಯಾವುದು?

ಇದನ್ನು ಅಜ್ಜಯ್ಯ ಮೊಮ್ಮಗನಿಗೆ ಎಂದೂ ಹೇಳಿರಲಿಲ್ಲ. ಹುಡುಗ ಸಾರಿಗೆ ಅನ್ನ ಕಲಸುವುದನ್ನು ನಿಲ್ಲಿಸಿ, ಎಲೆಯ ಕೆಳಗಿನ ಮೇಜಿನ ಅಂಚನ್ನು ಒಮ್ಮೆ ಮುಟ್ಟಿ ನೋಡಿದ.

"ಉದ್ದ ಸಾಕಾತಿತ್ತಾ ಮಾವ, ಕಾಲ್ ಚಾಚುಕೆ?"