ಕೈಚೀಲದಿಂದ ಕವರಿಗೆ, ಕವರಿನಿಂದ ಮತ್ತೆ ಕೈಚೀಲಕ್ಕೆ

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದರು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದವನು. ದೊಡ್ಡ ವಿಷಯ ಬರೆಯುವ ಶಕ್ತಿ ನನಗಿಲ್ಲ. ಸಾಲ, ಠೇವಣಿ, ಗೊಬ್ಬರದ ಲೆಕ್ಕವೆಲ್ಲ ವರದಿಯಲ್ಲಿ ಇದ್ದೇ ಇದೆ. ಅದರಲ್ಲಿ ಬಾರದ ಒಂದು ಸಣ್ಣ ಇತಿಹಾಸ, ನಾವು ಸಾಮಾನು ತರುವ ಚೀಲದ್ದು, ಇಲ್ಲಿ ಬರೆದಿದ್ದೇನೆ.

ನಾನು ಹುಡುಗನಾಗಿದ್ದಾಗ ಎಲ್ಲರ ಮನೆಯ ಗೋಡೆಯಲ್ಲೂ ಒಂದು ಮೊಳೆ, ಆ ಮೊಳೆಗೆ ಒಂದು ಚೀಲ. ಯೂರಿಯಾ ಚೀಲ ಕತ್ತರಿಸಿ ಹೊಲಿಸಿದ್ದು, ಹಳೇ ಪಂಚೆಯದು, ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲ, ಹೆಣ್ಣುಮಕ್ಕಳು ವಯರಿನಲ್ಲಿ ಹೆಣೆದ ಬ್ಯಾಗು, ಹೀಗೆ ನಾನಾ ತರಹ. ಅಂಗಡಿಯವರು ಬೇಳೆ, ಸಕ್ಕರೆಯನ್ನು ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ ದಾರ ಸುತ್ತಿ ಕೊಡುತ್ತಿದ್ದರು. ಆ ದಾರವನ್ನೂ ನಮ್ಮವ್ವ ಉಂಡೆ ಸುತ್ತಿ ಇಡುತ್ತಿದ್ದಳು. ಸಂತೆಗೆ ಹೊರಟರೆ "ಚೀಲ ತಗೊಂಡ್ಯೇನೋ ಮಗಾ?" ಅನ್ನೋದೇ ಮೊದಲ ಮಾತು. ಮರೆತು ಹೋದವನು ಟವಲ್ಲಿನಲ್ಲಿ ಗಂಟು ಕಟ್ಟಿಕೊಂಡು ಬರಬೇಕಿತ್ತು.

ಈಗಿನ ಕವರು ಹುಟ್ಟಿದ್ದು ಸ್ವೀಡನ್ ದೇಶದಲ್ಲಿ. ಸ್ಟೆನ್ ಗುಸ್ತಾಫ್ ಥುಲಿನ್ ಎಂಬ ಇಂಜಿನಿಯರ್ ಅದನ್ನು ರೂಪಿಸಿದರು, 1965ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಕಾಗದದ ಚೀಲಕ್ಕೆಂದು ಮರ ಕಡಿಯುವುದು ತಪ್ಪಲಿ, ಒಂದೇ ಕವರನ್ನು ಜನ ಮತ್ತೆ ಮತ್ತೆ ಬಳಸಲಿ ಎಂಬುದು ಅವರ ಆಸೆಯಾಗಿತ್ತಂತೆ. ತಮ್ಮ ಕವರನ್ನು ಮಡಿಸಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು ಎಂದು ಅವರ ಮಗ ಹೇಳಿದ್ದಾರೆ. ಹುಟ್ಟಿಸಿದವರು ಜೇಬಿನಲ್ಲಿ ಇಟ್ಟುಕೊಂಡರು, ನಾವು ತಿಪ್ಪೆಗೆ ಎಸೆದೆವು.

ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಸುಮಾರು 15 ವರ್ಷದ ಹಿಂದೆ ನಾನು ಹೊಸದಾಗಿ ನಿರ್ದೇಶಕನಾಗಿದ್ದೆ. "ಬೇರೆ ಅಂಗಡೀಲಿ ಕವರು ಕೊಡ್ತಾರೆ, ಸಂಘದ ಅಂಗಡೀಲಿ ಯಾಕೆ ಕೊಡಲ್ಲ?" ಎಂದು ಸದಸ್ಯರು ಕೇಳತೊಡಗಿದರು. ಕೊಡೋಣ, ವ್ಯಾಪಾರ ಹೆಚ್ಚುತ್ತೆ ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಮೊದಲು ಹೇಳಿದವನು ನಾನೇ. ವ್ಯಾಪಾರವೇನೋ ಹೆಚ್ಚಿತು. ಮನೆಮನೆಯ ಮೊಳೆ ಖಾಲಿಯಾಯಿತು.

ಮೂರ್ನಾಲ್ಕು ವರ್ಷ ಕಳೆದಿರಬಹುದು. ನಮ್ಮ ಮನೆಯ ಹಾಲು ಕರೆಯುವ ಹಸು ಮೇವು ಬಿಟ್ಟಿತು, ಹೊಟ್ಟೆ ಉಬ್ಬಿತು. ಪಶುವೈದ್ಯರು ಹೊಟ್ಟೆ ಕುಯ್ದು ಕೈ ಹಾಕಿ ಹೊರತೆಗೆದದ್ದು ಬರೀ ಕವರು, ಗಂಟುಗಂಟಾಗಿ. ಉಳಿದ ಅನ್ನ, ಹಣ್ಣಿನ ಸಿಪ್ಪೆಯನ್ನು ನಾವು ಕವರಿನಲ್ಲೇ ಕಟ್ಟಿ ಎಸೆಯುತ್ತೇವೆ, ದನ ಅದನ್ನು ಕವರಿನ ಸಮೇತ ತಿನ್ನುತ್ತೆ. ಅದು ಅರಗುವುದಿಲ್ಲ, ಮೆಲುಕಿಗೂ ಬಾರದೆ ಹೊಟ್ಟೆಯಲ್ಲೇ ಉಳಿಯುತ್ತದೆ. ಹಸು ಉಳಿಯಲಿಲ್ಲ. ಆ ಕವರುಗಳಲ್ಲಿ ನಮ್ಮ ಸಂಘದ ಅಂಗಡಿಯವು ಎಷ್ಟು, ಬೇರೆಯವರವು ಎಷ್ಟು ಎಂದು ಯಾರು ಹೇಳಬೇಕು?

ಬೇರೆಯವರೂ ಪೆಟ್ಟು ತಿಂದೇ ಕಲಿತದ್ದು. ಬಾಂಗ್ಲಾದೇಶದಲ್ಲಿ 1988 ಮತ್ತು 1998ರ ಪ್ರವಾಹದ ಕಾಲಕ್ಕೆ ಕವರುಗಳು ಚರಂಡಿಗೆ ಕಟ್ಟಿಕೊಂಡು ನೀರು ಇಳಿಯದೆ ಹೋಯಿತು. 2002ರಲ್ಲಿ ತೆಳು ಕವರನ್ನು ನಿಷೇಧಿಸಿದ ಮೊದಲ ದೇಶ ಅದು. ನಮ್ಮ ಕೇಂದ್ರ ಸರ್ಕಾರ 1999ರಲ್ಲಿ, ಕವರು 20 ಮೈಕ್ರಾನಿಗಿಂತ ತೆಳುವಾಗಿ ಇರಬಾರದು ಎಂದಿತು. ಅದು 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120 ಆಯಿತು. ನಮ್ಮ ರಾಜ್ಯದಲ್ಲಂತೂ 2016ರ ಮಾರ್ಚ್ ತಿಂಗಳಲ್ಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಬಂತು. ಆಗ ಸಂಘದ ಅಂಗಡಿಯಲ್ಲಿ ಕವರು ನಿಲ್ಲಿಸಿದೆವು. ಸಭೆಯಲ್ಲಿ ನಿಲ್ಲಿಸೋಣ ಎಂದು ಮೊದಲು ಹೇಳಿದವನೂ ನಾನೇ. ಕೆಲವರು ಬೈದರು, ಒಂದೆರಡು ತಿಂಗಳು ವ್ಯಾಪಾರವೂ ಇಳಿಯಿತು. ಆಮೇಲೆ ಜನ ಚೀಲ ಹುಡುಕಿ ತೆಗೆದರು.

ಇನ್ನೊಂದು ಮಾತು. ಬಟ್ಟೆ ಚೀಲ ಕೊಂಡುಬಿಟ್ಟರೆ ಕೆಲಸ ಮುಗಿಯಲಿಲ್ಲ. ಹತ್ತಿ ಬೆಳೆಯಲು ನೀರು, ಗೊಬ್ಬರ ಬೇಕು, ನೂಲು ನೇಯಲು ಕರೆಂಟು ಬೇಕು. ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಭೂಮಿ ಬಿಸಿಯೇರುವ ದೃಷ್ಟಿಯಿಂದ, ಒಂದು ಹತ್ತಿ ಚೀಲವನ್ನು 131 ಸಲ ಬಳಸಿದರೆ ಮಾತ್ರ ಅದು ಒಂದೇ ಸಲ ಬಳಸಿ ಬಿಸಾಡುವ ಕವರಿಗಿಂತ ಮೇಲು. ವಾರಕ್ಕೊಂದು ಸಂತೆಯಂತೆ ಎರಡೂವರೆ ವರ್ಷ ಆಯಿತು. ನಮ್ಮವ್ವನ ಯೂರಿಯಾ ಚೀಲ ಅದಕ್ಕಿಂತ ಹೆಚ್ಚು ಬಾಳಿತ್ತು. ಆದ್ದರಿಂದ ಚೀಲ ಯಾವುದಾದರೂ ಇರಲಿ, ಅದೊಂದೇ ಚೀಲ ದಿನಾ ಕೈಯಲ್ಲಿ ಇರಬೇಕು.

ಈ ಬೆಳ್ಳಿ ಹಬ್ಬದ ನೆನಪಿಗೆ ಸಂಘದಿಂದ ಪ್ರತಿ ಸದಸ್ಯರಿಗೂ ಒಂದು ಬಟ್ಟೆ ಚೀಲ ಕೊಡುತ್ತಿದ್ದೇವೆ. ದಯಮಾಡಿ ಅದನ್ನು ಪೆಟ್ಟಿಗೆಯಲ್ಲಿ ಮಡಿಸಿ ಇಡಬೇಡಿ. ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ಹೊರಡುವಾಗ ಕೈಗೆ ಸಿಗಲಿ. ಸಂಘ ಇನ್ನೂ ಅಭಿವೃದ್ಧಿ ಹೊಂದಲಿ, ಎಲ್ಲರ ಕೊಟ್ಟಿಗೆಯೂ ತುಂಬಿರಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.