ಹದಿನೇಳು ತಿಂಗಳ ವರ್ಷ

ಮಾರ್ಚ್ ಬಂತೆಂದರೆ ಮುಂಬಯಿಯ ನಮ್ಮ ಸಣ್ಣ ಹೋಟೆಲಿನವರ ಮುಖ ನೋಡಲಾಗುವುದಿಲ್ಲ. ಗಲ್ಲಾದ ಮೇಲೆ ಬಿಲ್ಲುಗಳ ಕಟ್ಟು, ಫೋನಿನಲ್ಲಿ ಸಿಎ, ಒಳಗೆ ಅಕ್ಕಿ ಮೂಟೆ ಎಣಿಸುವ ಹುಡುಗ. ಈಗಿನವರಿಗೆ ಮಾರ್ಚ್ 31 ಎಂದರೆ ವರ್ಷದ ಕೊನೆ. ಆದರೆ ನಾನು ಈ ಊರಿಗೆ ಬಂದಾಗ ನಮ್ಮ ಹೋಟೆಲಿನ ವರ್ಷ ಮುಗಿಯುತ್ತಿದ್ದದ್ದು ದೀಪಾವಳಿಗೆ!

ಏಪ್ರಿಲ್‌ನಿಂದ ಮಾರ್ಚ್ ಎನ್ನುವುದು ಸರಕಾರದ ವರ್ಷ. ಬ್ರಿಟಿಷರು 1867ರಲ್ಲಿ ಮಾಡಿಕೊಂಡದ್ದು. ಅದಕ್ಕೂ ಮೊದಲು ಅವರ ಲೆಕ್ಕ ಮೇ 1ಕ್ಕೆ ಶುರುವಾಗುತ್ತಿತ್ತು. ವ್ಯಾಪಾರಿಗಳು ಮಾತ್ರ ತಮಗೆ ಒಗ್ಗುವ ವರ್ಷ ಇಟ್ಟುಕೊಳ್ಳಬಹುದಿತ್ತು, ಆದಾಯ ತೆರಿಗೆ ಕಾನೂನೂ ಅದನ್ನು ಒಪ್ಪುತ್ತಿತ್ತು. ಗುಜರಾತಿ ಸೇಠರು ದೀಪಾವಳಿಗೆ ಕೆಂಪು ಚೋಪಡಾ ಪೂಜಿಸಿ 'ಶುಭ-ಲಾಭ' ಬರೆಯುತ್ತಿದ್ದರು. ಅಂಗಡಿಪೂಜೆ ಕಂಡು ಬೆಳೆದ ನಮ್ಮ ಕರಾವಳಿಯವರಿಗೆ ಇದೇನು ಹೊಸತಲ್ಲವಲ್ಲ.

ನಾನಿದ್ದದ್ದು ಲಾಲ್‌ಬಾಗಿನ ಒಂದು ಪುಟ್ಟ ಹೋಟೆಲಿನಲ್ಲಿ. ಹಗಲು ಕೆಲಸ, ರಾತ್ರಿ ಶಾಲೆ. ಅಕ್ಷರ ದುಂಡಗಿದೆ ಎಂದು ಧಣಿಗಳು ಕಿರ್ದಿ ಬರೆಯಲು ಕೂರಿಸಿದರು. ಗಿರಾಕಿಗಳೆಲ್ಲ ಮಿಲ್ ಕಾರ್ಮಿಕರು. ತಿಂಗಳಿಡೀ ಉದ್ರಿ ತಿಂದು ಪಗಾರದ ದಿನ ಚುಕ್ತಾ ಮಾಡುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪುಟ.

1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಹದಿನೈದು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡು ಧಣಿಗಳು ಉದ್ರಿ ನಿಲ್ಲಿಸಲಿಲ್ಲ. ಮುಷ್ಕರ ಮುಗಿಯಲೇ ಇಲ್ಲ. ಜನ ಒಬ್ಬೊಬ್ಬರಾಗಿ ರತ್ನಾಗಿರಿ, ಸಾತಾರಾ ಕಡೆ ಊರು ಸೇರಿದರು. ಆ ದೀಪಾವಳಿಗೆ ನಾನು ಕೂಡಿಸಿದಾಗ ಬರಬೇಕಾದ ಬಾಕಿ 18,000 ಚಿಲ್ಲರೆ. ಆಗಿನ ಕಾಲಕ್ಕೆ ಅದೆಷ್ಟು ದೊಡ್ಡ ಮೊತ್ತ ಎಂದು ನೀವೇ ಊಹಿಸಿ.

ಲೆಕ್ಕ ನೋಡಲು ಬರುತ್ತಿದ್ದ ಗುಜರಾತಿ ಮೆಹ್ತಾಜಿ ತಲೆ ಅಲ್ಲಾಡಿಸಿದರು. ದುಡ್ಡು ಕೈಗೆ ಬಂದಾಗ ಮಾತ್ರ ಜಮಾ ಬರೆಯುವ ಪದ್ಧತಿಯಾಗಿದ್ದರೆ ತೊಂದರೆಯಿರಲಿಲ್ಲ. ನಮ್ಮದು ಊಟ ಬಡಿಸಿದಾಗಲೇ ವ್ಯಾಪಾರ ಎಂದು ಬರೆಯುವ ಪದ್ಧತಿ. ಹಾಗಾಗಿ ಬಾರದ ದುಡ್ಡೂ ಲಾಭದಲ್ಲಿ ಸೇರಿ ಅದಕ್ಕೂ ತೆರಿಗೆ! ಮುಳುಗಿದ ಸಾಲ ಎಂದು ಕಳೆಯೋಣವೆಂದರೆ ಅದು ನಿಜವಾಗಿ ಮುಳುಗಿದೆ ಎಂದು ತೋರಿಸಿಕೊಡಬೇಕಿತ್ತು. ಊರಿಗೆ ಹೋದವನು ಇನ್ನು ಬರುವುದಿಲ್ಲ ಎಂದು ರುಜುವಾತು ಎಲ್ಲಿಂದ ತರುವುದು? ವರ್ಷವರ್ಷವೂ ಹೊಸ ಪುಸ್ತಕಕ್ಕೆ ಹಳೆ ಹೆಸರುಗಳನ್ನು ನಾನೇ ಇಳಿಸುತ್ತಾ ಬಂದೆ. ಕಾಗದದ ಮೇಲೆ ನಾವು ಸಾಹುಕಾರರು. ಧಣಿಗಳ ಹೆಂಡತಿಯ ಬಳೆ ಮಾತ್ರ ಅಡವಿನಲ್ಲಿ.

ಆಮೇಲೆ 1987ರ ತಿದ್ದುಪಡಿ ಕಾಯ್ದೆ ಬಂತು. ಎಲ್ಲರ ಲೆಕ್ಕವೂ ಮಾರ್ಚ್ 31ಕ್ಕೇ ಮುಗಿಯಬೇಕು ಎಂದಾಯಿತು. ದೀಪಾವಳಿ ವರ್ಷದವರಿಗೆ 1987ರ ಅಕ್ಟೋಬರಿನಲ್ಲಿ ತೆರೆದ ಪುಸ್ತಕ ಮುಚ್ಚಿದ್ದು 1989ರ ಮಾರ್ಚ್ 31ಕ್ಕೆ. ಹದಿನೇಳು ತಿಂಗಳ ಒಂದು ವರ್ಷ! ಅದೇ ಹೊತ್ತಿಗೆ ಇನ್ನೊಂದು ನಿಯಮವೂ ಬದಲಾಯಿತು. ಇನ್ನು ರುಜುವಾತು ಬೇಡ, ವಸೂಲಾಗದು ಎಂದು ಪುಸ್ತಕದಲ್ಲೇ ಹೊಡೆದುಹಾಕಿದರೆ ಸಾಕು.

ಆ ರಾತ್ರಿ ಶಟರ್ ಎಳೆದ ಮೇಲೆ ನಾನು ಕೆಂಪು ಪೆನ್ನು ಹಿಡಿದು ಕೂತೆ. ಧಣಿಗಳು ಸುಮಾರು ಹೊತ್ತು ಮಾತಾಡಲಿಲ್ಲ. "ಗೆರೆ ಎಳೆದರೆ ಅವರು ಸತ್ತ ಹಾಗೆ ಆಗುತ್ತದಲ್ಲ ಮಾರಾಯ" ಎಂದರು. "ಧಣೀ, ಇದು ನಮ್ಮ ಲೆಕ್ಕಕ್ಕೆ ಮಾತ್ರ. ಸಾಲ ಮನ್ನಾ ಆಗುವುದಿಲ್ಲ. ನಾಳೆ ಕೊಟ್ಟರೆ ಆ ವರ್ಷದ ಆದಾಯಕ್ಕೆ ಸೇರಿಸಿದರಾಯಿತು" ಎಂದೆ. ಮೆಹ್ತಾಜಿ ಹೇಳಿಕೊಟ್ಟದ್ದನ್ನೇ ಒಪ್ಪಿಸಿದ್ದೆ. ಒಂದೊಂದೇ ಹೆಸರು ಓದುತ್ತಾ ಹೋದೆ, ಅವರು "ಹ್ಞೂಂ" ಅನ್ನುತ್ತಾ ಹೋದರು.

ಎರಡು ವರ್ಷದ ನಂತರ ಆ ಪಟ್ಟಿಯಲ್ಲಿದ್ದ ಒಬ್ಬರು ಬಂದರು. ವಾಚ್‌ಮನ್ ಕೆಲಸ ಸಿಕ್ಕಿತ್ತಂತೆ. ಬಾಕಿ ಎಷ್ಟು ಎಂದು ಕೇಳಿದರು. ನಾನು ಹಳೆ ಪುಸ್ತಕಕ್ಕೆ ಕೈ ಹಾಕುವಷ್ಟರಲ್ಲಿ ಧಣಿಗಳು "ಹಿಶೇಬ್ ಮುಗಿದಿದೆ, ಚಾ ಕುಡಿ" ಎಂದು ಮರಾಠಿಯಲ್ಲಿ ಹೇಳಿದರು. ನಾನು ಬಾಯಿ ಮುಚ್ಚಿಕೊಂಡೆ. ಕಾನೂನಿನ ಪ್ರಕಾರ ಸಾಲ ಇನ್ನೂ ಧಣಿಗಳದ್ದೇ, ಬಿಡುವ ಹಕ್ಕೂ ಅವರದ್ದೇ ತಾನೆ?

ಇರಲಿ. ಈಗ ಅಂಥ ಖಾತೆ ಪುಸ್ತಕಗಳು ಕಡಿಮೆ, ದುಡ್ಡು ಫೋನಿನಲ್ಲೇ ಬೀಳುತ್ತದೆ. ಆದರೂ ಕೇಟರಿಂಗ್ ಮಾಡುವ, ಆಫೀಸುಗಳಿಗೆ ಡಬ್ಬಿ ಕಳಿಸುವ ನಮ್ಮ ಹುಡುಗರಿಗೆ ಉದ್ರಿ ತಪ್ಪಿಲ್ಲ. 2017ರಲ್ಲಿ ಬಂದ ಜಿಎಸ್‌ಟಿಯಲ್ಲಂತೂ ಉದ್ರಿ ಮುಳುಗಿದರೂ ಕಟ್ಟಿದ ತೆರಿಗೆ ವಾಪಸು ಸಿಗುವುದಿಲ್ಲ. ಅವರಿಗೆ ನಾನು ಹೇಳುವುದಿಷ್ಟೇ: ಮಾರ್ಚ್ ಕೊನೆಯಲ್ಲಿ ಅಕ್ಕಿ ಮೂಟೆಯ ಜೊತೆ ಬಾಕಿ ಹೆಸರುಗಳನ್ನೂ ಒಂದೊಂದಾಗಿ ಎಣಿಸಿ. ಬರುವುದು ಯಾವುದು, ಬಾರದ್ದು ಯಾವುದು ಎಂದು ನಿಮಗೆ ನೀವೇ ನಿಜ ಹೇಳಿಕೊಳ್ಳಿ. ನಾವು ಅದನ್ನು ಏಳು ವರ್ಷ ಹೇಳಿಕೊಳ್ಳಲಿಲ್ಲ.