ಒಂದು ಗ್ರಂಥಿ, ಎರಡು ಕೆಲಸ

ಯಗಟಿಯ ನಮ್ಮ ಪ್ರೌಢಶಾಲೆಯಲ್ಲಿ ಮೇದೋಜೀರಕ ಗ್ರಂಥಿಯ ಹೆಸರು ಎರಡು ಸಲ ಬರುತ್ತಿತ್ತು: ಜೀರ್ಣಾಂಗಗಳ ಪಾಠದಲ್ಲೊಮ್ಮೆ, ನಿರ್ನಾಳ ಗ್ರಂಥಿಗಳ ಪಾಠದಲ್ಲಿ ಮತ್ತೊಮ್ಮೆ. ನಮಗೆ ಗೊಂದಲವಾದಾಗ ವಿಜ್ಞಾನದ ಮೇಷ್ಟ್ರು ಕೆರೆಯ ಹೋಲಿಕೆ ಕೊಟ್ಟರು. ಕೆರೆಯ ನೀರು ತೂಬಿನಿಂದ ಕಾಲುವೆಗೂ ಹರಿಯುತ್ತದೆ, ಸದ್ದಿಲ್ಲದೆ ನೆಲದಲ್ಲಿ ಇಂಗಿ ಬಾವಿಗೂ ಬರುತ್ತದೆ. ಈ ಗ್ರಂಥಿಯೂ ಹಾಗೆಯೇ: ಜೀರ್ಣರಸವನ್ನು ನಾಳದ ಮೂಲಕ ಸಣ್ಣ ಕರುಳಿಗೆ ಕಳಿಸುತ್ತದೆ, ಇನ್ಸುಲಿನ್ನನ್ನು ನೇರ ರಕ್ತಕ್ಕೆ ಬಿಡುತ್ತದೆ.

ಇದು ತಿಳಿಯಲು ಜಗತ್ತಿಗೆ ಐವತ್ತು ವರ್ಷ ಹಿಡಿಯಿತು. 1869ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಈ ಗ್ರಂಥಿಯಲ್ಲಿ ದ್ವೀಪಗಳಂತಿರುವ ಕೋಶಗಳ ಗುಂಪುಗಳನ್ನು ಕಂಡ. ಅವುಗಳ ಕೆಲಸವೇನೆಂದು ಅವನಿಗೆ ತಿಳಿಯಲಿಲ್ಲ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಕೊಬ್ಬಿನ ಜೀರ್ಣಕ್ರಿಯೆ ತಿಳಿಯಲೆಂದು ನಾಯಿಯೊಂದರ ಗ್ರಂಥಿಯನ್ನು ತೆಗೆದರು. ನಾಯಿ ಮೇಲಿಂದ ಮೇಲೆ ಮೂತ್ರ ಮಾಡತೊಡಗಿತು. ಪರೀಕ್ಷಿಸಿದರೆ ಮೂತ್ರದಲ್ಲಿ ಸಕ್ಕರೆ! ನಾಳವನ್ನಷ್ಟೇ ಕಟ್ಟಿದರೆ ಈ ರೋಗ ಬರುತ್ತಿರಲಿಲ್ಲ.

ಆದರೆ ಗ್ರಂಥಿಯನ್ನು ಅರೆದು ಔಷಧಿ ತೆಗೆಯುವ ಪ್ರಯತ್ನಗಳು ಫಲಿಸಲಿಲ್ಲ. ಅದರ ಜೀರ್ಣರಸವೇ ಇನ್ಸುಲಿನ್ನನ್ನು ಹಾಳು ಮಾಡುತ್ತಿರಬೇಕು ಎಂದು ಕೆನಡಾದ ಬ್ಯಾಂಟಿಂಗ್ ಊಹಿಸಿದ. ನಾಳದಲ್ಲಿ ಕಲ್ಲು ಸಿಕ್ಕಿ ಜೀರ್ಣರಸದ ಕೋಶಗಳು ಸೊರಗಿದರೂ ದ್ವೀಪಗಳು ಉಳಿದಿದ್ದ ರೋಗಿಯೊಬ್ಬರ ವರದಿಯನ್ನು ಆತ 1920ರಲ್ಲಿ ಓದಿದ್ದ. 1921ರಲ್ಲಿ ಟೊರೊಂಟೊದಲ್ಲಿ ಬೆಸ್ಟ್ ಜೊತೆ ನಾಯಿಗಳ ನಾಳ ಕಟ್ಟಿ ಪ್ರಯೋಗ ನಡೆಸಿದ. 1922ರ ಜನವರಿಯಲ್ಲಿ ಕಾಲಿಪ್ ಶುದ್ಧಗೊಳಿಸಿದ ಸಾರ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನನ್ನು ಉಳಿಸಿತು. ಮರುವರ್ಷ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್‌ಗೆ ನೊಬೆಲ್ ಬಂತು.

ಈ ಕಥೆ ನನಗೆ ಬರೀ ಪಾಠವಾಗಿ ಉಳಿಯಲಿಲ್ಲ. ನಮ್ಮ ಚಿಕ್ಕಪ್ಪನಿಗೆ ಹುಡುಗನಾಗಿದ್ದಾಗಿನಿಂದ ಹೊಟ್ಟೆನೋವು. ಎಷ್ಟು ಉಂಡರೂ ಮೈಗೆ ಹತ್ತುತ್ತಿರಲಿಲ್ಲ, ಮಲದಲ್ಲಿ ಜಿಡ್ಡು ಹೋಗುತ್ತಿತ್ತು. ಮೂವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆ ಬಂತು. ಸಿಹಿ ತಿಂದಿದ್ದಕ್ಕೇ ಬಂತೆಂದು ಮನೆಯವರು ಊಟವನ್ನೇ ಕಡಿಮೆ ಮಾಡಿಸಿದರು. ಅವರು ಇನ್ನೂ ಬಡಕಲಾದರು. ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಗ್ರಂಥಿಯ ತುಂಬ ಕಲ್ಲು ಕಂಡವು. ತೂಬೂ ಕಟ್ಟಿತ್ತು, ಬಾವಿಯೂ ಬತ್ತಿತ್ತು. ಇನ್ಸುಲಿನ್ ಜೊತೆಗೆ, ಊಟದೊಂದಿಗೆ ಜೀರ್ಣರಸದ ಮಾತ್ರೆಯನ್ನೂ ಕೊಟ್ಟ ಮೇಲೆ ಅವರು ಚೇತರಿಸಿಕೊಂಡರು. ಇಂಥ ರೋಗಿಗಳನ್ನು ಕೇರಳದಲ್ಲಿ ಡಾ. ಪಿ.ಜೆ. ಗೀವರ್ಗೀಸ್ 1960ರ ದಶಕದಲ್ಲೇ ಅಧ್ಯಯನ ಮಾಡಿದ್ದರು.

ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಿನವರದು ಈ ಬಗೆಯದಲ್ಲ. ಆದರೆ ಬಹುಕಾಲದ ಹೊಟ್ಟೆನೋವು, ಜಿಡ್ಡಿನ ಭೇದಿ, ಕೃಶವಾದ ಮೈ ಇರುವವರಿಗೆ ಸಕ್ಕರೆ ಕಾಯಿಲೆಯೂ ಕಂಡರೆ ವೈದ್ಯರಿಗೆ ಎರಡನ್ನೂ ಸೇರಿಸಿ ಹೇಳಬೇಕು. ಎರಡು ಪಾಠಗಳಲ್ಲಿ ಓದಿದ ಗ್ರಂಥಿ ಒಂದೇ ಎಂದು ಮೇಷ್ಟ್ರು ಅಂದೇ ಕಲಿಸಿದ್ದರು.